ಸತ್ವಾ ಗಲ್ಲಿಯ ಕ್ಯಾಮೆರಾ ಕಂಡದ್ದು

ಕೊಲೆ ಆರೋಪ ಹೊತ್ತಿದ್ದ ಒಬ್ಬನನ್ನು ಉಳಿಸಬೇಕೆಂದು ನಮ್ಮನ್ನು ಕರೆದರು. ಮೊದಲ ವಾರದಲ್ಲೇ ನಾನು ಅವನ ಕುತ್ತಿಗೆಗೆ ಹಗ್ಗವನ್ನು ಇನ್ನಷ್ಟು ಬಿಗಿ ಮಾಡಿದೆ. ನನ್ನ ಕೆಲಸವೇ ಹಾಗೆ. ಮಸುಕಾದ ವಿಡಿಯೋವನ್ನು ತಿಳಿ ಮಾಡಿ ಕೊಡುತ್ತೇನೆ. ತಿಳಿಯಾದ ಮೇಲೆ ಯಾರ ಮುಖ ಕಾಣುತ್ತದೆ ಎಂಬುದು ನನ್ನ ಕೈಯಲ್ಲಿಲ್ಲ.

ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ನಮ್ಮದೊಂದು ಸಣ್ಣ ಕಂಪನಿ. ಇನ್ಶೂರೆನ್ಸ್‌ನವರು ಕಾರು ಗುದ್ದಿದ ವಿಡಿಯೋ ಕಳಿಸುತ್ತಾರೆ, ಮಾಲ್‌ನವರು ಜಾರಿ ಬಿದ್ದವರ ವಿಡಿಯೋ ಕಳಿಸುತ್ತಾರೆ. ಕೊಲೆಯ ವಿಡಿಯೋ ಬಂದದ್ದು ಅದೇ ಮೊದಲು. ಫೈಲ್ ತೆರೆಯುವ ಮುಂಚೆ ಎದ್ದುಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಬಂದೆ. ಭಯದಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಖುಷಿಯೇ ಆಗಿತ್ತು.

ಹಿನ್ನೆಲೆ ಹೀಗಿದೆ. ದುಬೈಯಲ್ಲಿ ಪರವಾನಗಿ ಇರುವ ಹೋಟೆಲಿನ ಬಾರಿನಲ್ಲಿ ಕುಡಿಯಬಹುದು. ಪಕ್ಕದ ಶಾರ್ಜಾದಲ್ಲಿ ಮದ್ಯಕ್ಕೆ ಪೂರ್ತಿ ನಿಷೇಧ. ಎರಡರ ನಡುವೆ ಇರುವುದು ಒಂದು ರಸ್ತೆ. ಈಚೆ ಸಿಗುವುದು ಆಚೆ ಸಿಗದು ಎಂದಮೇಲೆ ಸಾಗಿಸುವವರು ಹುಟ್ಟಿಕೊಳ್ಳದೆ ಇರುತ್ತಾರೆಯೇ? ಹಾಗೆ ಹುಟ್ಟಿಕೊಂಡವರಲ್ಲಿ ಇಬ್ಬರು ಒಂದು ಕಾಲಕ್ಕೆ ಪಾಲುದಾರರು, ಈಗ ಹಾವು ಮುಂಗುಸಿ. ಒಬ್ಬ ಹೋಟೆಲ್ ಬಾರುಗಳಿಗೆ ಹಾಡಿನ ಬ್ಯಾಂಡ್ ಒದಗಿಸುವ ಗುತ್ತಿಗೆದಾರ. ಮುಂಬಾಗಿಲಿನಿಂದ ಸಂಗೀತ, ಹಿಂಬಾಗಿಲಿನಿಂದ ಬಾಟಲಿ. ಇನ್ನೊಬ್ಬನಿಗೆ ಬಾಟಲಿಯೇ ಪೂರ್ತಿ ವ್ಯಾಪಾರ. ಈ ಎರಡನೆಯವನ ಡೆಲಿವರಿ ಡ್ರೈವರ್, ಇಪ್ಪತ್ತಾರು ವರ್ಷದ ಹುಡುಗ, ಜುಲೈ ತಿಂಗಳ ಒಂದು ರಾತ್ರಿ ದುಬೈಯ ಸತ್ವಾ ಬಡಾವಣೆಯಲ್ಲಿ ಹಳೆ ವಿಲ್ಲಾಗಳ ಹಿಂದಿನ ಗಲ್ಲಿಯಲ್ಲಿ ಚೂರಿ ಇರಿತಕ್ಕೆ ಸತ್ತ. ಕೂಗಾಟ ಕೇಳಿ ನೆರೆಯವರು ಪೊಲೀಸರಿಗೆ ಫೋನ್ ಮಾಡಿದ್ದು ಒಂಬತ್ತು ಗಂಟೆ ದಾಟಿದ ಮೇಲೆ.

ಹಿಡಿದದ್ದು ಮೊದಲನೆಯವನ ಬ್ಯಾಂಡಿನ ಕೀಬೋರ್ಡ್ ವಾದಕನನ್ನು. ಉಡುಪಿ ಕಡೆಯವನು. ಸತ್ತವನ ಹಳೆಯ ರೂಮ್‌ಮೇಟ್. ಕೆಲವು ದಿನ ಮುಂಚೆ ಬಾರಿನ ಪಾರ್ಕಿಂಗ್‌ನಲ್ಲಿ ಇಬ್ಬರೂ ಕಾಲರ್ ಹಿಡಿದು ಜಗಳವಾಡಿದ್ದನ್ನು ಹತ್ತಾರು ಮಂದಿ ನೋಡಿದ್ದರು. ಯಜಮಾನ ಹೇಳಿದ, ಇವನು ಮುಗಿಸಿದ ಎಂಬುದು ಆರೋಪ. ಅದಕ್ಕೆ ಬಲ ಕೊಟ್ಟದ್ದು ಗಲ್ಲಿಯ ಬಾಯಲ್ಲಿದ್ದ ದರ್ಜಿ ಅಂಗಡಿಯ ಕ್ಯಾಮೆರಾ. ಕೂಗಾಟದ ಫೋನ್ ಹೋದ ಕೆಲವೇ ನಿಮಿಷಕ್ಕೆ, ಪರದೆಯ ಮೇಲಿನ ಗಡಿಯಾರ ಒಂಬತ್ತೂ ಕಾಲು ತೋರಿಸುತ್ತಿರುವಾಗ, ಒಬ್ಬ ಗಲ್ಲಿಯಿಂದ ದಡದಡನೆ ಹೊರಗೆ ಬರುತ್ತಾನೆ. ಕೈಯಲ್ಲಿ ಉದ್ದನೆಯ ಏನೋ ಇದೆ.

ನಮ್ಮನ್ನು ನೇಮಿಸಿದ್ದು ಆರೋಪಿಯ ಅಕ್ಕ, ವಕೀಲರ ಮೂಲಕ. ಆಕೆ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವ ಶಾಲಾ ಟೀಚರ್. ಆಫೀಸಿಗೆ ಬಂದವರೇ ನನ್ನ ಹೆಸರಿನಿಂದ ನಾನು ಕನ್ನಡದವಳೆಂದು ಊಹಿಸಿ, ಕೂರುವ ಮೊದಲೇ ಶುರುಮಾಡಿದರು.

"ಅವ ಸ್ಟೇಜಿನ ಮೇಲೆ ಇದ್ದ ಅಂತ ಹೇಳ್ತಾನೆ ಮಾರಾಯ್ರೆ. ಬ್ಯಾಂಡಿನವರೆಲ್ಲ ಹೌದು ಅಂತಾರೆ. ಆದ್ರೆ ಅವರೆಲ್ಲರ ವೀಸಾ ಅದೇ ಯಜಮಾನನ ಕೈಯಲ್ಲಿ ಅಲ್ವಾ, ಅವರ ಮಾತು ಯಾರು ನಂಬ್ತಾರೆ?"

"ಬಾರಿನ ಕ್ಯಾಮೆರಾ?"

"ಅದು ಮುಂಬಾಗಿಲಿಗೂ ಗಲ್ಲಾಪೆಟ್ಟಿಗೆಗೂ ಮಾತ್ರ ಉಂಟಂತೆ, ಬ್ಯಾಂಡಿನವರು ಹಿಂದಿನಿಂದ ಹೋಗುದು. ಹಾಡುವವರನ್ನು ಯಾರು ಕದ್ದುಕೊಂಡು ಹೋಗ್ತಾರೆ!"

ಅಷ್ಟು ಸಂಕಟದಲ್ಲೂ ಹೀಗೆ ಮಾತಾಡುವ ಹೆಂಗಸು ನನಗೆ ಆ ಕ್ಷಣವೇ ಇಷ್ಟವಾದರು.

ವಕೀಲರ ಪ್ರಶ್ನೆ ಒಂದೇ: ವಿಡಿಯೋದಲ್ಲಿರುವವನು ಆರೋಪಿಯೇ? ಗುರುತು ಹಿಡಿಯಲು ಆಗದು ಎಂದು ನಾವು ಬರೆದುಕೊಟ್ಟರೆ ಅವರಿಗೆ ಸಾಕಿತ್ತು. ನಮಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷದ ಒಂದು ತುಣುಕು, ಕಪ್ಪುಬಿಳುಪು. ಮೊದಲು ಅದರ ನಕಲು ತೆಗೆದು, ಮೂಲಕ್ಕೂ ನಕಲಿಗೂ ಒಂದು ಅಕ್ಷರ ವ್ಯತ್ಯಾಸವಿಲ್ಲವೆಂದು ತಾಳೆ ನೋಡಿ, ಮೂಲವನ್ನು ಬೀಗ ಹಾಕಿಟ್ಟೆ. ಆಮೇಲೆ ಅವನು ಕ್ಯಾಮೆರಾ ದಾಟುವ ನಾಲ್ಕು ಸೆಕೆಂಡನ್ನು ಬಿಡಿ ಬಿಡಿ ಚಿತ್ರಗಳಾಗಿ ಕತ್ತರಿಸಿದೆ. ಅಗ್ಗದ ಲೆನ್ಸಿನಿಂದ ಬಾಗಿದ್ದ ಗೋಡೆಗಳನ್ನು ನೆಟ್ಟಗೆ ಮಾಡಿದೆ. ತಲೆ ಒಂದೇ ಕಡೆ ತಿರುಗಿದ್ದ ಚಿತ್ರಗಳನ್ನು ಆರಿಸಿ, ಕಣ್ಣು ಮೂಗು ಹೊಂದುವಂತೆ ಒಂದರ ಮೇಲೊಂದು ಕೂರಿಸಿ, ಸರಾಸರಿ ತೆಗೆದೆ. ಒಂದು ಚಿತ್ರದಲ್ಲಿ ಬರೀ ಮರಳಿನ ಹಾಗೆ ಕಾಣುವ ಮುಖ, ಇಪ್ಪತ್ತು ಚಿತ್ರ ಸೇರಿದಾಗ ನಿಧಾನಕ್ಕೆ ಎದ್ದು ಬರುತ್ತದೆ. ಈ ಕೆಲಸದಲ್ಲಿ ನನಗೆ ತುಂಬ ಪ್ರೀತಿಯ ಗಳಿಗೆ ಅದು.

ಎದ್ದು ಬಂತು. ಎಡಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ, ಕಿವಿಯಲ್ಲಿ ಸಣ್ಣ ರಿಂಗು. ವಕೀಲರು ಕೊಟ್ಟ ಫೋಟೋದಲ್ಲೂ ಅದೇ ಗೆರೆ, ಅದೇ ರಿಂಗು. ಕೈಯಲ್ಲಿದ್ದದ್ದು ಕೀಬೋರ್ಡ್ ಸ್ಟ್ಯಾಂಡಿನ ಕಬ್ಬಿಣದ ಕಾಲು.

ಅಕ್ಕನಿಗೆ ತೋರಿಸಲೇಬೇಕಾಯಿತು. ಪರದೆ ನೋಡಿ, ಒಂದು ಕ್ಷಣವೂ ತಡಮಾಡದೆ, "ಹೌದು, ಇವನೇ" ಎಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಅವನೇ ಒಪ್ತಾನಲ್ಲ ಮೇಡಂ. ಆ ದಾರಿಯಲ್ಲೇ ದಿನಾ ಹೋಗುದು, ರೂಮ್ ಅಲ್ಲೇ ಉಂಟು. ಆದ್ರೆ ಸಂಜೆ ಹೋದದ್ದು ಅಂತಾನೆ, ಕೆಲಸಕ್ಕೆ ಲೇಟಾಯ್ತು ಅಂತ ಓಡಿದ್ದಂತೆ." ಕೊಲೆಯ ದಿನ ಅವನ ಫೋನ್ ಕೂಡ ರೂಮಿನಲ್ಲೇ ಚಾರ್ಜಿಗೆ ಬಿದ್ದಿತ್ತು. ಹಾಗಾಗಿ ಫೋನಿನ ಲೆಕ್ಕದಲ್ಲೂ ಅವನು ಇಡೀ ರಾತ್ರಿ ಸತ್ವಾ ಬಿಟ್ಟಿರಲಿಲ್ಲ.

ವಕೀಲರು ನಮ್ಮ ವರದಿಯೇ ಬೇಡ ಎಂದರು. ನಮ್ಮ ಬಾಸ್, ಲೆಬನಾನಿನವರು, ಎರಡೂ ಕೈ ಒರೆಸಿಕೊಂಡಂತೆ ಮಾಡಿ, "ಖಲಾಸ್" ಎಂದರು. ಕೇಳಿದ್ದು ಮುಖ, ಉತ್ತರ ಸಿಕ್ಕಿತು, ಫೈಲ್ ಮುಚ್ಚು.

ನನಗೆ ನಿದ್ದೆ ಬರಲಿಲ್ಲ. ಸಂಜೆ ಎಂದನಲ್ಲ, ಆ ಒಂದು ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆದರೆ ಗಡಿಯಾರ ಸರಿಯಿದೆ ಎನ್ನಲು ಪೊಲೀಸರ ಬಳಿ ಎರಡು ಗಟ್ಟಿ ಕಾರಣ ಇದ್ದವು. ಒಂದು, ರೆಕಾರ್ಡಿಂಗ್ ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋದಾಗ ಅದರ ಗಡಿಯಾರ ಸೊನ್ನೆಗೆ ಹೋಗಿದ್ದರಿಂದ ದರ್ಜಿಗೆ ಫೋನ್ ಮಾಡಿ ಕೇಳಿದ್ದರು. ಅಂಗಡಿಯ ಗಡಿಯಾರಕ್ಕೂ ಅದಕ್ಕೂ ಒಂದು ನಿಮಿಷ ಹೆಚ್ಚುಕಮ್ಮಿ ಇರಲಿಲ್ಲ ಎಂದು ದರ್ಜಿ ಹೇಳಿಕೆ ಕೊಟ್ಟಿದ್ದ. ಎರಡು, ತುಣುಕಿನ ಶುರುವಿನಲ್ಲಿ ಹತ್ತಿರದ ಮಸೀದಿಯಿಂದ ನಮಾಜು ಮುಗಿಸಿದವರು ಹೊರಗೆ ಬರುತ್ತಾರೆ. ಅದು ಪರದೆಯ ಗಡಿಯಾರದ ಪ್ರಕಾರ ರಾತ್ರಿಯ ಇಶಾ ನಮಾಜು ಮುಗಿಯುವ ಹೊತ್ತಿಗೆ ಸರಿಯಾಗಿ ಹೊಂದುತ್ತಿತ್ತು. ಇದಕ್ಕಿಂತ ಒಳ್ಳೆಯ ತಾಳೆ ಇನ್ನೇನು ಬೇಕು?

ಮರುದಿನ ತುಣುಕನ್ನು ಮತ್ತೆ ಹಾಕಿದೆ. ಈ ಸಲ ಮನುಷ್ಯರನ್ನು ನೋಡಲಿಲ್ಲ. ಗೋಡೆ, ತಂತಿ, ಬೆಕ್ಕು, ಎದುರು ವಿಲ್ಲಾದ ತಾರಸಿಯ ಮೇಲಿನ ಬಿಳಿ ನೀರಿನ ಟ್ಯಾಂಕು. ಆಕಾಶ ಚಿತ್ರದಲ್ಲಿಲ್ಲ, ಟ್ಯಾಂಕಿನ ಹೊಟ್ಟೆಯಷ್ಟೇ ಮೂಲೆಯಲ್ಲಿ ಇಣುಕುತ್ತದೆ. ಮೊದಲ ನಿಮಿಷ ನೋಡಿ, ಕೊನೆಯ ನಿಮಿಷಕ್ಕೆ ಹಾರಿದೆ. ಟ್ಯಾಂಕು ಮಂಕಾಗಿತ್ತು.

ಕುರ್ಚಿಯಿಂದ ಎದ್ದೇಬಿಟ್ಟೆ.

ಇಂಥ ಕ್ಯಾಮೆರಾಗಳು ಬೆಳಕು ಕಡಿಮೆಯಾದರೆ ತಾವೇ ಚಿತ್ರವನ್ನು ಬೆಳಗಿಸಿಕೊಳ್ಳುತ್ತವೆ, ಹಾಗಾಗಿ ಕಣ್ಣನ್ನು ನಂಬುವಂತಿಲ್ಲ. ದರ್ಜಿ ಅಂಗಡಿಯ ಬೋರ್ಡಿಗೆ ಟ್ಯೂಬ್‌ಲೈಟ್ ಇತ್ತು. ಅದರ ಬೆಳಕು ಬದಲಾಗುವುದಿಲ್ಲ. ಪ್ರತಿ ಸೆಕೆಂಡಿಗೆ ಟ್ಯಾಂಕಿನ ಹೊಳಪನ್ನು ಬೋರ್ಡಿನ ಹೊಳಪಿನಿಂದ ಭಾಗಿಸುತ್ತ ಹೋಗಿ ಗ್ರಾಫಿನ ಗೆರೆ ಎಳೆದೆ. ಗೆರೆ ನುಣ್ಣಗೆ, ಎಲ್ಲೂ ಮುರಿಯದೆ, ಕೆಳಗೆ ಇಳಿಯಿತು. ಕೊನೆಗೆ ನೆಲ ಹಿಡಿದು ಚಪ್ಪಟೆಯಾಯಿತು. ಯಾರೋ ದೀಪ ಆರಿಸಿದ್ದರೆ ಧಬಕ್ಕನೆ ಬೀಳಬೇಕಿತ್ತು. ಹೀಗೆ ಇಳಿಯುವ ಬೆಳಕು ಒಂದೇ. ಮುಳುಗಿದ ಸೂರ್ಯನದು. ಒಂಬತ್ತು ಗಂಟೆಗೆ ದುಬೈಯಲ್ಲಿ ಮುಸ್ಸಂಜೆ ಎಲ್ಲಿಂದ ಬಂತು?

ಆ ರಾತ್ರಿ ಊಟದ ಮೇಜಿನ ಮೇಲೂ ಗೆರೆಯನ್ನೂ ಟ್ಯಾಂಕಿನ ಚಿತ್ರವನ್ನೂ ನೋಡುತ್ತಿದ್ದೆ. ಮಗಳು ಇಣುಕಿ, "ಅಮ್ಮಾ, ವೈ ಆರ್ ಯೂ ಸ್ಮೈಲಿಂಗ್ ಅಟ್ ಎ ವಾಟರ್ ಟ್ಯಾಂಕ್?" ಎಂದಳು. ನಗದೆ ಏನು ಮಾಡಲಿ, ಮೈಯೆಲ್ಲ ಜುಮ್ಮೆನ್ನುತ್ತಿತ್ತು.

ಬಾಸ್ ಮಾತ್ರ ಜುಮ್ಮೆನ್ನಲಿಲ್ಲ. "ಒಂದು ಟ್ಯಾಂಕಿನ ಮೇಲೆ ಕೋರ್ಟಿಗೆ ಹೋಗುತ್ತೀಯಾ? ನಮ್ಮನ್ನು ಸಮಯದ ಬಗ್ಗೆ ಯಾರೂ ಕೇಳಿಲ್ಲ. ಕೇಳದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ನಾಳೆಯಿಂದ ನಮಗೆ ಕೆಲಸ ಕೊಡುವವರಿಲ್ಲ." ಅವರ ಮಾತಿನಲ್ಲಿ ನ್ಯಾಯವಿತ್ತು. ಅದೇ ನನ್ನ ಹೊಟ್ಟೆ ಉರಿಸಿದ್ದು. ನಾನು ಹೇಳಿದೆ: ರಜಾದಿನ ನನ್ನದು, ಕ್ಯಾಮೆರಾ ನನ್ನದು, ಪೆಟ್ರೋಲೂ ನನ್ನದು. ಅದೇ ಜಾಗದಲ್ಲಿ ಒಂದು ಸಂಜೆ ರೆಕಾರ್ಡ್ ಮಾಡಿ ಗೆರೆ ಹೋಲಿಸುತ್ತೇನೆ. ಹೊಂದಿದರೆ ನನ್ನ ಹೆಸರಿನಲ್ಲೇ ವರದಿ ಬರೆಯುತ್ತೇನೆ, ಹೊಂದದಿದ್ದರೆ ನಿಮ್ಮ ಎದುರಲ್ಲೇ ಫೈಲ್ ಮುಚ್ಚುತ್ತೇನೆ. ಅವರು ಬಾಯಿಂದ ಹೂಂ ಎನ್ನಲಿಲ್ಲ, ಆದರೆ ಕಪಾಟಿನ ಕೀಲಿಯನ್ನು ನನ್ನ ಕಡೆ ತಳ್ಳಿದರು. ಅದೇ ಮಾಡೆಲ್ ಕ್ಯಾಮೆರಾ ಅಲ್ಲಿತ್ತು.

ಭಾನುವಾರ ಮಧ್ಯಾಹ್ನ ಅಬುಧಾಬಿಯಿಂದ ಅಕ್ಕನೂ ಬಂದರು. ಇಬ್ಬರೂ ಸತ್ವಾಕ್ಕೆ ಹೋದೆವು. ಸೆಪ್ಟೆಂಬರ್ ಸೆಖೆ. ಗಲ್ಲಿಯ ಬಾಯಲ್ಲಿ ದರ್ಜಿಯ ಅಂಗಡಿ, ಎರಡು ಮೆಷಿನ್, ಒಂದು ಕತ್ತರಿಸುವ ಮೇಜು, ಗೋಡೆಗೆ ಊರಿನ ಪಂಚಾಂಗದ ಕ್ಯಾಲೆಂಡರ್. ದರ್ಜಿಯೂ ಉಡುಪಿ ಕಡೆಯವರೇ, ಅರವತ್ತರ ಹತ್ತಿರ. ಅಕ್ಕ ತುಳುವಿನಲ್ಲಿ ಎರಡು ಮಾತಾಡಿದರು. ಮೈಸೂರಿನ ನನಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ಚಾ ಬಂತು. ಹಳೆಯ ಕ್ಯಾಮೆರಾ ಇದ್ದ ಜಾಗದಲ್ಲಿ ನನ್ನದನ್ನು ಸಿಕ್ಕಿಸಲು ಒಪ್ಪಿದರು.

ನಾನು ಏಣಿ ಹತ್ತಿ ಸ್ಕ್ರೂ ಬಿಗಿಸುತ್ತಿದ್ದೆ. ಕೆಳಗೆ ಒಬ್ಬ ಗಿರಾಕಿ ಹೊಸ ಸೂಟಿನ ಬಟ್ಟೆ ಹರಡಿಕೊಂಡು, ಈಗಲೇ ಕತ್ತರಿಸಿ ಎಂದು ಅವಸರ ಮಾಡುತ್ತಿದ್ದ.

"ಈಗ ಆಗ್ಲಿಕ್ಕಿಲ್ಲ" ಎಂದರು ದರ್ಜಿ. "ರಾಹುಕಾಲ. ಹೊಸ ಬಟ್ಟೆಗೆ ಕತ್ತರಿ ಹಾಕ್ಲಿಕ್ಕಿಲ್ಲ." ತಲೆಯೆತ್ತಿ ಗೋಡೆ ಗಡಿಯಾರ ನೋಡಿದರು. "ಇನ್ನು ಅರ್ಧ ಗಂಟೆ ಉಂಟು."

ಏಣಿಯ ಮೇಲಿಂದ ನಾನೂ ನೋಡಿದೆ. ಐದೂವರೆ. ಅಯ್ಯೋ, ಇಷ್ಟು ಹೊತ್ತಾಯಿತೇ, ಬೆಳಕು ಹೋಗುವುದರೊಳಗೆ ಮುಗಿಸಬೇಕಲ್ಲ ಎಂದು ಫೋನ್ ತೆಗೆದೆ. ನಾಲ್ಕು.

ಸ್ಕ್ರೂ ಅರ್ಧಕ್ಕೇ ಬಿಟ್ಟು ಕೆಳಗೆ ಬಗ್ಗಿ ಕೂಗಿದೆ.

"ನಿಮ್ಮ ಗಡಿಯಾರ ಒಂದೂವರೆ ಗಂಟೆ ಮುಂದಿದೆ ಕಣ್ರೀ!"

"ಮುಂದೆ ಎಂತದ್ದು? ಅದು ಊರಿನ ಟೈಮ್. ಪಂಚಾಂಗ ಊರಿದ್ದು ಅಂದ್ಮೇಲೆ ಗಡಿಯಾರವೂ ಊರಿದ್ದೇ ಬೇಕಲ್ಲ ಮೇಡಂ. ಅಂಗಡಿ ಶುರುಮಾಡಿದಾಗಿಂದ ಹಾಗೇ ಉಂಟು."

ಇಲ್ಲಿನ ಸೂರ್ಯನಿಗೆ ಇಲ್ಲಿನದೇ ರಾಹುಕಾಲ ಬೇಡವೇ ಎಂದು ಬೇರೆ ದಿನವಾಗಿದ್ದರೆ ಕಾಲೆಳೆಯುತ್ತಿದ್ದೆ. ಈಗ ಏಣಿ ಇಳಿದು ಕೇಳಿದೆ: "ಆ ರೆಕಾರ್ಡಿಂಗ್ ಪೆಟ್ಟಿಗೆಗೆ ಟೈಮ್ ಇಟ್ಟವರು ಯಾರು?"

"ನಾನೇ. ಕರೆಂಟ್ ಹೋದ್ರೆ ಅದು ಸೊನ್ನೆಗೆ ಹೋಗ್ತದೆ. ಈ ಗಡಿಯಾರ ನೋಡಿ ಸರಿ ಮಾಡುದು."

"ಇದನ್ನ ಪೊಲೀಸರಿಗೆ ಹೇಳಿದ್ರಾ?"

"ಅವರು ಕೇಳಿದ್ದು ಪೆಟ್ಟಿಗೆಯ ಟೈಮ್ ಸರಿ ಇತ್ತಾ ಅಂತ. ಸರಿ ಇತ್ತಲ್ಲ, ಗಡಿಯಾರದ ಹಾಗೇ..."

ಹೇಳುತ್ತ ಹೇಳುತ್ತಲೇ ಅವರಿಗೆ ಹೊಳೆಯಿತು. ಮೂವತ್ತು ವರ್ಷ ಒಂದು ಕಣ್ಣಲ್ಲಿ ಊರಿನ ಹೊತ್ತು, ಇನ್ನೊಂದರಲ್ಲಿ ಇಲ್ಲಿನ ಹೊತ್ತು ನೋಡಿಕೊಂಡು ಬಂದ ಮನುಷ್ಯ. ಎರಡೂ ಬೇರೆ ಎಂಬುದೇ ಮರೆತುಹೋಗಿತ್ತು. ಗೋಡೆ ಗಡಿಯಾರವನ್ನೂ ನನ್ನ ಫೋನನ್ನೂ ಮತ್ತೆ ಮತ್ತೆ ನೋಡಿದರು. ನನ್ನ ತಲೆಯಲ್ಲಿ ಮಾತ್ರ ಒಂದೊಂದೇ ಗಂಟು ಬಿಚ್ಚಿಕೊಳ್ಳುತ್ತಿತ್ತು. ಈ ಊರಿನಲ್ಲಿ ಮುಸ್ಸಂಜೆಯ ಮಗ್ರಿಬ್ ನಮಾಜಿಗೂ ರಾತ್ರಿಯ ಇಶಾ ನಮಾಜಿಗೂ ನಡುವಿನ ಅಂತರ ಹೆಚ್ಚುಕಡಿಮೆ ಒಂದೂವರೆ ಗಂಟೆಯೇ! ಪರದೆಯಲ್ಲಿ ಕಂಡ ಜನ ಮಗ್ರಿಬ್ ಮುಗಿಸಿ ಬಂದವರು. ಗಡಿಯಾರ ಅವರನ್ನು ಇಶಾದವರನ್ನಾಗಿ ಮಾಡಿತ್ತು. ತಪ್ಪು ಹೊತ್ತಿಗೆ ಸಾಕ್ಷಿಯೂ ತಾನಾಗಿ ಒದಗಿ ಬಂದಿತ್ತು.

ಅಕ್ಕ ಮೆಷಿನ್‌ನ ಸ್ಟೂಲು ಎಳೆದುಕೊಂಡು ಕೂತರು. "ಹಾಗಾದ್ರೆ ಅವ ಹೇಳಿದ್ದು ನಿಜ."

"ಇದನ್ನ ಬರೆದುಕೊಡ್ತೀರಾ?" ಎಂದು ದರ್ಜಿಯನ್ನು ಕೇಳಿದೆ.

ಅವರು ಮೊದಲು ಗಿರಾಕಿಯನ್ನು ಆಮೇಲೆ ಬನ್ನಿ ಎಂದು ಕಳಿಸಿ, ಹೊರಗೆ ನೋಡಿ, ಬಾಗಿಲು ಮುಂದೆ ಮಾಡಿದರು. "ಮೇಡಂ, ಬ್ಯಾಂಡಿನವರ ಕೋಟು ಹೊಲಿಯುದು ನಾನು. ಆ ಕಡೆಯ ಡ್ರೈವರ್‌ಗಳ ಪ್ಯಾಂಟು ಹೊಲಿಯುದೂ ನಾನು. ಇಬ್ಬರ ಅಳತೆಯೂ ನನ್ನ ಹತ್ರ ಉಂಟು, ನನ್ನ ಅಳತೆ ಅವರ ಹತ್ರ ಉಂಟು. ಕೊಂದವ ಹೊರಗೇ ಇದ್ದಾನೆ ಅಂತ ಆಯ್ತಲ್ಲ ಈಗ? ನಾನು ಬಾಯಿ ಬಿಟ್ರೆ ನಾಳೆ ಈ ಗಲ್ಲಿಯಲ್ಲಿ ಎಂತ ಆಗ್ತದೆ?"

ನನಗೆ ಸಿಟ್ಟು ನೆತ್ತಿಗೇರಿತು. "ಒಬ್ಬನ ಜೀವ ಹೋಗ್ತಿದೆ, ನೀವು ಪ್ಯಾಂಟಿನ ಲೆಕ್ಕ ಹೇಳ್ತಿದೀರಲ್ಲ!" ಎಂದುಬಿಟ್ಟೆ. ದರ್ಜಿ ನನಗೆ ಬೆನ್ನು ಹಾಕಿ ಮೇಜಿನ ಮೇಲಿನ ಬಟ್ಟೆ ಮಡಚತೊಡಗಿದರು. ಕೆಲಸ ಕೆಟ್ಟಿತು ಎಂದುಕೊಂಡೆ.

ಅಕ್ಕ ಮಾತ್ರ ದನಿ ಏರಿಸಲಿಲ್ಲ. "ಹೆದರಿಕೆ ಆಗುದು ಹೌದು" ಎಂದರು. "ನನಗೂ ಆಗ್ತದೆ. ಅವನ ಕೋಟು ಏನಾದ್ರೂ ಹೊಲಿಯಲಿಕ್ಕೆ ಬಾಕಿ ಉಂಟಾ ಇಲ್ಲಿ? ಇದ್ರೆ ತಕ್ಕೊಂಡು ಹೋಗ್ತೇನೆ."

ದರ್ಜಿ ಒಳಗೆ ಹೋದರು. ಅಲ್ಲಿಂದ ಹ್ಯಾಂಗರ್‌ಗೆ ಹಾಕಿದ ಮಿಂಚುವ ನೀಲಿ ಕೋಟು ತಂದರು. ಒಂದು ತೋಳು ಇನ್ನೂ ಜೋಡಿಸಿರಲಿಲ್ಲ. ಅದನ್ನು ಅಕ್ಕನ ಕೈಗೆ ಕೊಡಲು ಹೋಗಿ, ಕೊಡಲಾರದೆ, ತಮ್ಮ ಎದೆಗೇ ಒತ್ತಿಕೊಂಡರು. "ತೋಳು ಹಚ್ಚಿ ಕೊಡ್ತೇನೆ. ಅವನೇ ಬಂದು ತಕ್ಕೊಳ್ಳಲಿ. ಎಲ್ಲಿ ಸೈನ್ ಮಾಡುದು ಹೇಳಿ."

ಅಂದು ಸಂಜೆ ಕತ್ತಲಾಗುವವರೆಗೆ ನನ್ನ ಕ್ಯಾಮೆರಾ ಅದೇ ಟ್ಯಾಂಕನ್ನು ನೋಡಿತು. ಸೂರ್ಯ ಮುಳುಗಿದ ಕ್ಷಣದಿಂದ ಎಣಿಸಿ ಹೊಸ ಗೆರೆಯನ್ನು ಜುಲೈಯ ಗೆರೆಯ ಮೇಲೆ ಇಟ್ಟೆ. ಒಂದು ಗೆರೆಯಷ್ಟೇ ಕಾಣಿಸಿತು. ನಾನೊಬ್ಬಳೇ ಆಫೀಸಿನಲ್ಲಿ ಚಪ್ಪಾಳೆ ಹೊಡೆದೆ. ಬೆಳಗ್ಗೆ ಬಾಸ್ ಎರಡೂ ಗೆರೆ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, ವರದಿಯಲ್ಲಿ ನನ್ನ ಹೆಸರಿನ ಕೆಳಗೆ ತಮ್ಮದನ್ನೂ ಬರೆದರು.

ವರದಿಯ ಕೊನೆಯಲ್ಲಿ ಒಂದೇ ಬೇಡಿಕೆ ಇತ್ತು. ಪೊಲೀಸರ ಬಳಿ ಇರುವ ಪೂರ್ತಿ ಡಿಸ್ಕಿನಲ್ಲಿ, ಈ ತುಣುಕು ಮುಗಿದ ಮೇಲಿನ ಭಾಗವನ್ನು ನೋಡಬೇಕು. ನಾವು ಹೇಳುವುದು ನಿಜವಾದರೆ ಕೊಲೆಯ ಹೊತ್ತು ಪರದೆಯ ಗಡಿಯಾರದಲ್ಲಿ ಹತ್ತೂವರೆಗೆ ಬರುತ್ತದೆ. ಪೊಲೀಸರ ಗಾಡಿ ಗಲ್ಲಿಯ ಇನ್ನೊಂದು ತುದಿಯಿಂದ ಬಂದಿದ್ದರಿಂದ ಈ ಕ್ಯಾಮೆರಾಕ್ಕೆ ಸಿಕ್ಕಿರಲಿಲ್ಲ; ಓಡಿದವನು ಸಿಕ್ಕಿದ ಮೇಲೆ ಮುಂದಿನ ಭಾಗವನ್ನು ಯಾರೂ ತೆರೆದಿರಲಿಲ್ಲ.

ನ್ಯಾಯಾಲಯ ಒಪ್ಪಿತು. ಪೊಲೀಸ್ ಲ್ಯಾಬಿನಲ್ಲಿ ನಾನು, ವಕೀಲರು, ಒಬ್ಬ ಎಮಿರಾತಿ ಅಧಿಕಾರಿ. ಅಕ್ಕ ಕೆಳಗೆ ಕಾರಿನಲ್ಲಿ. ಅಧಿಕಾರಿ ನನ್ನ ವರದಿಯನ್ನು ಗೆರೆಗೆರೆಯಾಗಿ ಓದಿ ಬಂದಿದ್ದರು. ಟ್ಯಾಂಕಿನ ಬಗ್ಗೆ ಮೂರು ಪ್ರಶ್ನೆ ಕೇಳಿದರು, ಮೂರೂ ಒಳ್ಳೆಯ ಪ್ರಶ್ನೆ. ಆಮೇಲೆ "ಯಲ್ಲಾ, ಶುರುಮಾಡೋಣ" ಎಂದು ಡಿಸ್ಕನ್ನು ಮುಂದಕ್ಕೆ ಓಡಿಸಿದರು.

ಖಾಲಿ ಗಲ್ಲಿ. ಬೆಕ್ಕು. ಸೈಕಲ್ಲಿನವನೊಬ್ಬ. ಮತ್ತೆ ನಮಾಜು ಮುಗಿಸಿದ ಜನ. ಇಶಾ! ನಾನು ವಕೀಲರ ತೋಳು ಹಿಡಿದುಕೊಂಡಿದ್ದೆ, ಅದು ನನಗೆ ಗೊತ್ತೇ ಇರಲಿಲ್ಲ. ಹತ್ತೂ ಕಾಲು ದಾಟಿತು. ಇಬ್ಬರು ಗಂಡಸರು ಗಲ್ಲಿಯೊಳಗೆ ಹೋದರು, ವಾಪಸು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಬ್ಬ ಬಂದ. ಎಳೆಯ ಹುಡುಗ, ಬಿಳಿ ಶರ್ಟು, ಬಾಯಲ್ಲಿ ಸಿಗರೇಟು. ಅಧಿಕಾರಿ ಚಿತ್ರ ನಿಲ್ಲಿಸಿ, ಕಡತದಲ್ಲಿದ್ದ ಫೋಟೋ ತೆಗೆದು ಪರದೆಯ ಪಕ್ಕ ಹಿಡಿದರು. ಎರಡೂ ಒಂದೇ ಮುಖ. ಕೀಬೋರ್ಡ್ ವಾದಕ ಗಲ್ಲಿ ಬಿಟ್ಟು ಓಡಿಹೋಗಿ ಒಂದು ಗಂಟೆಯ ಮೇಲಾಗಿತ್ತು. ಸತ್ತವನು ಈಗ ಬರುತ್ತಿದ್ದ, ಜೀವಂತ.

ವಕೀಲರು ಅರಬಿಯಲ್ಲಿ ದೇವರನ್ನು ನೆನೆದರು. ನಾನು ಗೆದ್ದೆ ಎಂದು ಕೂಗಬೇಕೆನಿಸಿತು. ಅಧಿಕಾರಿ ಚಿತ್ರವನ್ನು ಮತ್ತೆ ಓಡಿಸಿದರು. ಹುಡುಗ ದರ್ಜಿ ಅಂಗಡಿಯ ಗಾಜಿನ ಮುಂದೆ ನಿಂತ. ಸಿಗರೇಟು ಬಿಸಾಡಿದ. ಗಾಜಿನಲ್ಲಿ ತನ್ನನ್ನು ನೋಡಿಕೊಂಡು ಕಾಲರ್ ಸರಿಮಾಡಿಕೊಂಡ, ಕೂದಲಿಗೆ ಕೈಯಾಡಿಸಿದ, ತನ್ನಷ್ಟಕ್ಕೆ ಒಮ್ಮೆ ನಕ್ಕ. ಆಮೇಲೆ ಗಲ್ಲಿಯ ಕಡೆ ತಿರುಗಿದ.

ಹೋಗಬೇಡ ಕಣೋ ಎಂದೆ. ಗಟ್ಟಿಯಾಗಿಯೇ ಎಂದೆ, ಕನ್ನಡದಲ್ಲಿ. ಇಷ್ಟು ವಾರ ಅವನು ಬಂದೇ ಬರಲಿ ಎಂದು ಹಂಬಲಿಸಿದವಳು ನಾನು. ಅಧಿಕಾರಿ ನನ್ನ ಮುಖ ನೋಡಿದರು. ಭಾಷೆ ತಿಳಿಯದಿದ್ದರೂ ಅರ್ಥವಾಯಿತೆಂದು ಕಾಣುತ್ತದೆ. ಹುಡುಗ ಒಳಗೆ ಹೋದ. ಒಂಬತ್ತು ನಿಮಿಷದ ಮೇಲೆ ಆ ಇಬ್ಬರು ಓಡುತ್ತ ಹೊರಗೆ ಬಂದರು. ಇಬ್ಬರೂ ಸತ್ತ ಹುಡುಗನ ಸ್ವಂತ ಯಜಮಾನನ ಕಡೆಯವರೇ ಎಂದು ಆ ವಾರದಲ್ಲೇ ಗೊತ್ತಾಯಿತು.

ಬಿಡುಗಡೆಯ ಆದೇಶ ಬರಲು ಇನ್ನೂ ಕೆಲವು ವಾರ ಹಿಡಿಯಿತು. ಆದರೆ ಅಂದೇ, ಕೆಳಗೆ ಪಾರ್ಕಿಂಗ್‌ಗೆ ಓಡಿಹೋಗಿ ಕಾರಿನ ಗಾಜು ತಟ್ಟಿ ಹೇಳಿದೆ: "ನಿಮ್ಮ ತಮ್ಮ ಮನೆಗೆ ಬರ್ತಾನೆ." ಅಕ್ಕ ಬಾಗಿಲು ತೆಗೆದು ನನ್ನನ್ನು ತಬ್ಬಿ, ಆ ಬಿಸಿಲಿನಲ್ಲಿ, ನಗುತ್ತಲೇ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಎಂತ ಕಂಡಿತು, ಎಲ್ಲ ಹೇಳಿ" ಎಂದರು.

ಎಲ್ಲ ಹೇಳಿದೆ. ಅವನು ಕಾಲರ್ ಸರಿಮಾಡಿಕೊಂಡದ್ದೊಂದನ್ನು ಹೇಳಲಾಗಲಿಲ್ಲ.